ಓವರ್‌ಕ್ಲಾಕ್ ಕೈಕೊಟ್ಟ ಮೇಲೆ: ರಿಪೇರಿ ಟೇಬಲ್ಲಿನ ಪಾಠಗಳು

ಬೀದರಿನ ಕಾಲೇಜು ಹುಡುಗರು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಿಂದ ಅಗ್ಗದ ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸುತ್ತಾರೆ. ಆಮೇಲೆ ವಿಡಿಯೊ ನೋಡಿ ಅದರ ವೇಗ ಏರಿಸಲು, ಅಂದರೆ ಓವರ್‌ಕ್ಲಾಕ್ ಮಾಡಲು ಹೋಗುತ್ತಾರೆ. ಭಾಲ್ಕಿ, ಔರಾದ್‌ನಿಂದ ಕೈಕೊಟ್ಟ ಡಬ್ಬಿಯನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನನ್ನ ಬಳಿ ರಿಪೇರಿಗೆ ತರುವವರೂ ಇದ್ದಾರೆ. ಸತ್ತಿತೆಂದು ತಂದವುಗಳಲ್ಲಿ ಹೆಚ್ಚಿನವು ಸತ್ತಿರುವುದಿಲ್ಲ.

1. ಸ್ಕ್ರೂ ಬಿಚ್ಚುವ ಮೊದಲು ಹುಡುಗನ ಬಾಯಿ ಬಿಡಿಸಬೇಕು. ಅಪ್ಪ ಪಕ್ಕದಲ್ಲಿದ್ದರೆ ಉತ್ತರ ಒಂದೇ: "ನಾ ಏನೂ ಮಾಡಿಲ್ಲಣ್ಣಾ, ತಾನೇ ಬಂದ್ ಆಯ್ತು." ಆಗ, "ಕಾಕಾ, ನೀವು ಚಾ ಕುಡ್ದು ಬರ್‍ರಿ" ಎಂದು ಅವರನ್ನು ಕಳಿಸುವುದು ಒಳ್ಳೆಯದು. ರ್‍ಯಾಮ್‌ನ ವೇಗವಷ್ಟೇ ಏರಿಸಿದ್ದರೆ ಕೆಲಸ ಹಗುರ. ಪ್ರೊಸೆಸರಿನ ವೋಲ್ಟೇಜ್ ಮುಟ್ಟಿದ್ದರೆ ಚಿಂತೆ.

2. ವೈರ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿಹಿಡಿದು, ಸಿಆರ್2032 ಸೆಲ್ ತೆಗೆದು ಕೆಲ ನಿಮಿಷ ಬಿಡಿ. ಬಯೋಸ್ ಮೂಲ ಸೆಟ್ಟಿಂಗಿಗೆ ಮರಳುತ್ತದೆ. ಒಂದೇ ರ್‍ಯಾಮ್ ಹಾಕಿ ಚಾಲೂ ಮಾಡಿ, ಕಾಯಿರಿ. ಡಿಡಿಆರ್4 ಬೋರ್ಡು ರ್‍ಯಾಮನ್ನು ಹೊಂದಿಸಿಕೊಳ್ಳಲು ನಿಮಿಷದವರೆಗೂ ಪರದೆ ಕಪ್ಪಗಿಡಬಹುದು. ಅವಸರಪಟ್ಟು ಆರಿಸಿದರೆ ಮತ್ತೆ ಮೊದಲಿನಿಂದ.

3. ಸೆಲ್ ತೆಗೆದ ಮೇಲಿನ ತಾಪತ್ರಯವೇ ಬೇರೆ. ತಾರೀಖು ಹಿಂದಕ್ಕೆ ಹೋಗಿ ವೆಬ್‌ಸೈಟುಗಳು ತೆರೆಯುವುದಿಲ್ಲ. ನೆಟ್ ಹೋಯಿತೆಂದು ದೂರು. ಹಳೇ ಬೋರ್ಡುಗಳಲ್ಲಿ ಡಿಸ್ಕಿನ ಮೋಡ್‌ನಲ್ಲಿ ಎಎಚ್‌ಸಿಐ ಹೋಗಿ ಐಡಿಇ ಬಂದಿದ್ದರೆ ವಿಂಡೋಸ್ ನೀಲಿ ಪರದೆ ತೋರುತ್ತದೆ. ಬೂಟ್ ಮೋಡ್‌ನಲ್ಲಿ ಲೆಗಸಿ, ಯುಇಎಫ್‌ಐ ಅದಲುಬದಲಾದರೆ ಡಿಸ್ಕೇ ಇಲ್ಲ ಎನ್ನುತ್ತದೆ. ಬಯೋಸ್‌ನಲ್ಲಿ ಈ ಎರಡು ಸಾಲು ಸರಿಮಾಡದೆ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿ ಫೋಟೊ ಕಳೆದುಕೊಂಡವರಿದ್ದಾರೆ.

4. ಎಚ್61, ಎ320ರಂಥ ಅಗ್ಗದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಮಲ್ಟಿಪ್ಲೈಯರ್ ಏರಿಸಲು ಬಿಡುವುದಿಲ್ಲ. ಹುಡುಗರು 100 ಮೆಗಾಹರ್ಟ್ಸ್‌ನ ಬೇಸ್ ಕ್ಲಾಕನ್ನೇ ಎಳೆಯುತ್ತಾರೆ. ಹಳೇ ಇಂಟೆಲ್ ಬೋರ್ಡಿನಲ್ಲಿ ಪಿಸಿಐಇ, ಡಿಸ್ಕಿನ ಲೈನು ಎಲ್ಲವೂ ಅದಕ್ಕೇ ಗಂಟು ಬಿದ್ದಿವೆ. ಅದು ಏರಿದರೆ ಡಿಸ್ಕಿಗೆ ಬರೆಯುವಾಗಲೇ ಫೈಲು ಕೆಡಬಹುದು. ಇಂಥದ್ದು ಬಂದರೆ ಮೊದಲು ಪ್ರಾಜೆಕ್ಟ್ ಫೈಲುಗಳನ್ನು ಹೊರಗೆ ತೆಗೆದಿಟ್ಟು, ಆಮೇಲೆ ಚೆಕ್‌ಡಿಸ್ಕ್.

5. ಎಸ್‌ಎಂಪಿಎಸ್ ಮೇಲೆ ಬರೆದ ವ್ಯಾಟ್ ನಂಬಬೇಡಿ. 12 ವೋಲ್ಟ್ ಲೈನು 11.4ಕ್ಕಿಂತ ಇಳಿಯಬಾರದು, 12.6 ದಾಟಬಾರದು. ಗೇಮ್ ಓಡುವಾಗಲೇ ಅಳೆಯಬೇಕು. ಖಾಲಿ ಕೂತಾಗ ಎಲ್ಲವೂ ಸರಿಯಿರುತ್ತದೆ. ಪಂಪ್‌ಸೆಟ್ ನಡೆಯುವ ಹೊತ್ತಿಗೆ ವೋಲ್ಟೇಜ್ ಕುಸಿಯುವ ಹಳ್ಳಿಗೆ ಹೋಗುವ ಮಷೀನಾದರೆ ಇದನ್ನಂತೂ ಬಿಡಬೇಡಿ.

6. ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೀಟ್‌ಸಿಂಕಿನಲ್ಲಿ ಕೆಂಪು ಧೂಳು, ಒಣಗಿದ ಪೇಸ್ಟ್. ಒರೆಸಿ, ಹೊಸದು ಹಚ್ಚಿ.

7. ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸದೆ ವಾಪಸ್ ಕೊಡಬೇಡಿ. ಔರಾದ್‌ನವರನ್ನು ಎರಡೆರಡು ಸಲ ಓಡಾಡಿಸಬಾರದು.

8. "ಈಗ ಸರಿಯಾಗಿ ಏರಿಸಿಕೊಡ್ರಿ" ಎಂದರೆ ನಾನು ಒಲ್ಲೆ. ಹಾರ್ಡ್‌ಡಿಸ್ಕ್ ಇದ್ದರೆ ಎಸ್‌ಎಸ್‌ಡಿ ಹಾಕಿಸಲಿ. ಗ್ರಾಫಿಕ್ಸ್ ಕಾರ್ಡಿಲ್ಲದೆ ಒಂದೇ ರ್‍ಯಾಮ್‌ನಲ್ಲಿ ಗೇಮ್ ಆಡುವವರು ಅದಕ್ಕೊಂದು ಜೋಡಿ ತರಲಿ. ಓವರ್‌ಕ್ಲಾಕ್‌ಗಿಂತ ಹೆಚ್ಚು ಫರಕು ಇವುಗಳಲ್ಲಿದೆ.