ಕ್ಷೇತ್ರ, ಟಿಪ್ಪಣಿ, ಪರಿಭಾಷೆ: ಸಮಾಜವಿಜ್ಞಾನದ ಕಲಿಕೆಗೆ ರಾಂಪುರದ ಪಾಠ

ಕನ್ನಡ ಮಾಧ್ಯಮದಲ್ಲಿ ಓದಿ ಸಮಾಜವಿಜ್ಞಾನಗಳ ಸ್ನಾತಕೋತ್ತರ ತರಗತಿಗೆ ಬರುವ ವಿದ್ಯಾರ್ಥಿಯ ತೊಡಕನ್ನು ಸಾಮಾನ್ಯವಾಗಿ ಇಂಗ್ಲಿಷಿನ ಕೊರತೆಯೆಂದು ಗುರುತಿಸಲಾಗುತ್ತದೆ. ಈ ಗ್ರಹಿಕೆ ಅರ್ಧ ಮಾತ್ರ ನಿಜ. ತನ್ನ ಊರಿನ ಜಾತಿ, ಜಮೀನು, ನಂಟಸ್ತಿಕೆ, ಜಗಳಗಳನ್ನು ಚೆನ್ನಾಗಿ ಬಲ್ಲ ವಿದ್ಯಾರ್ಥಿಗೂ ಅವೇ ಸಂಗತಿಗಳು ಪಠ್ಯದಲ್ಲಿ ಪರಿಭಾಷೆಗಳಾಗಿ ಎದುರಾದಾಗ ಪರಕೀಯವೆನಿಸುತ್ತವೆ. ಅನುಭವದಿಂದ ಪರಿಕಲ್ಪನೆಗೆ ಹೋಗುವ ದಾರಿ ಕಾಣದಿರುವುದೇ ಮೂಲ ತೊಡಕು. ಈ ಹಿನ್ನೆಲೆಯಲ್ಲಿ ಎಂ.ಎನ್. ಶ್ರೀನಿವಾಸರ (1916–1999) ರಾಂಪುರ ಅಧ್ಯಯನವನ್ನು ಪರಿಶೀಲಿಸಬಹುದು.

ಮೈಸೂರಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆಯವರ ಬಳಿ, ಅನಂತರ ಆಕ್ಸ್‌ಫರ್ಡಿನಲ್ಲಿ ಅಭ್ಯಾಸ ಮಾಡಿದ ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ ಕ್ಷೇತ್ರಕಾರ್ಯ ನಡೆಸಿದರು. ರಾಂಪುರ ಎಂಬುದು ಆ ಹಳ್ಳಿಗೆ ಅವರಿತ್ತ ಕಲ್ಪಿತ ನಾಮ. ಕ್ಷೇತ್ರದ ಟಿಪ್ಪಣಿಗಳನ್ನು ಅವರು ಹಲವು ವರ್ಷಗಳ ಕಾಲ ವಿಂಗಡಿಸಿ ಸಂಸ್ಕರಿಸಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಅವರ ಸಲಹೆಯಂತೆ ಶ್ರೀನಿವಾಸರು ಮುಖ್ಯವಾಗಿ ನೆನಪಿನ ಬಲದಿಂದಲೇ ಬರೆದ ಗ್ರಂಥ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ನೆನಪು ಅವರ ಕೈಹಿಡಿದುದಕ್ಕೆ ಹಳ್ಳಿಯಲ್ಲಿನ ವಾಸ, ಅಲ್ಲಿನ ನುಡಿಯ ಬಳಕೆ, ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದಿ ಬರೆದ ಪರಿಶ್ರಮ ಕಾರಣವೆನ್ನಬಹುದು. ಪರೀಕ್ಷೆಗಾಗಿ ಬಾಯಿಪಾಠ ಮಾಡಿದ ವ್ಯಾಖ್ಯೆಗೆ ಇಂಥ ಬಾಳಿಕೆಯಿಲ್ಲ.

ಪರಿಭಾಷೆಯ ಪ್ರಶ್ನೆಯೂ ಇಲ್ಲಿಯೇ ತಲೆದೋರುತ್ತದೆ. ಕೊಡವರನ್ನು ಕುರಿತ 1952ರ ಗ್ರಂಥದಲ್ಲಿ ಶ್ರೀನಿವಾಸರು ಬಳಸಿದ ‘ಸಂಸ್ಕೃತೀಕರಣ’ವನ್ನು ವಿದ್ಯಾರ್ಥಿಯು ಸಂಸ್ಕೃತ ಭಾಷೆಯ ಪ್ರಭಾವವೆಂದೋ ಸಂಸ್ಕೃತಿಯ ಗಳಿಕೆಯೆಂದೋ ತಪ್ಪಾಗಿ ಭಾವಿಸುವ ಸಾಧ್ಯತೆಯಿದೆ. ಕೆಳಗಿನದೆಂದು ಪರಿಗಣಿತವಾದ ಜಾತಿಯೊಂದು ಮೇಲಿನ ಜಾತಿಯ ಆಚಾರ, ಆಹಾರ, ಪೂಜಾವಿಧಿಗಳನ್ನು ಅನುಸರಿಸಿ ಸ್ಥಾನಮಾನವನ್ನು ಕೋರುವ ಪ್ರಕ್ರಿಯೆ ಎಂಬ ಅರ್ಥವು ಪದದ ರಚನೆಯಿಂದ ಹೊರಡುವುದಿಲ್ಲ. ನಿದರ್ಶನದಿಂದ ಮಾತ್ರ ತಿಳಿಯುತ್ತದೆ. 1959ರ ಲೇಖನದಲ್ಲಿ ಅವರು ವಿವರಿಸಿದ ‘ಪ್ರಬಲ ಜಾತಿ’ಯೂ ಹಾಗೆಯೇ. ಊರಿನಲ್ಲಿ ಜಮೀನು ಯಾರ ಕೈಯಲ್ಲಿದೆ, ನ್ಯಾಯ ತೀರ್ಮಾನಿಸುವವರು ಯಾರು, ಸಂಖ್ಯೆಯಲ್ಲಿ ಹೆಚ್ಚಿರುವವರು ಯಾರು ಎಂದು ಕೇಳಿದರೆ ವಿದ್ಯಾರ್ಥಿ ಉತ್ತರಿಸಬಲ್ಲ. ಆ ಉತ್ತರದಿಂದ ಪರಿಕಲ್ಪನೆಗೆ ಏರುವುದು ಕಠಿಣವಲ್ಲ.

ಈ ಅಧ್ಯಯನದ ಮಿತಿಯೂ ಬೋಧನೆಯ ಭಾಗವಾಗಬೇಕು. ಬ್ರಾಹ್ಮಣರಾಗಿದ್ದು, ಊರ ಗೌಡರ ಆಶ್ರಯದಲ್ಲಿ ತಂಗಿದ್ದ ಶ್ರೀನಿವಾಸರಿಗೆ ದಲಿತರ ಕೇರಿಯ ಬದುಕು ಅಷ್ಟಾಗಿ ತೆರೆದುಕೊಳ್ಳಲಿಲ್ಲ. ಮೇಲ್ಜಾತಿಯ ನೋಟದ ಮಿತಿಯನ್ನು ಅವರೂ ಒಪ್ಪಿಕೊಂಡಿದ್ದಾರೆ. ಆ ಕೇರಿಯಿಂದಲೇ ಬಂದ ವಿದ್ಯಾರ್ಥಿಗೆ, ಅಥವಾ ಅಲ್ಲಿನ ಹೆಣ್ಣುಮಕ್ಕಳಿಗೆ, ರಾಂಪುರದಲ್ಲಿ ದಾಖಲಾಗದೆ ಉಳಿದುದು ಕಾಣಬಹುದು. ತನ್ನ ಹಿನ್ನೆಲೆಯನ್ನು ಕೀಳರಿಮೆಗೆ ಕಾರಣವೆಂದು ತಿಳಿದಿದ್ದವರಿಗೆ ಅದೇ ಸಂಶೋಧನೆಯ ಆಕರವಾಗಬಲ್ಲದು. ಆದರೆ ಪರಿಚಿತವಾದುದೆಲ್ಲ ಸಹಜವೆಂದು ತೋರುವುದರಿಂದ ಅಂಥ ನೋಟಕ್ಕೂ ಪರೀಕ್ಷೆ ಅಗತ್ಯ.

ಜಾನಪದ ಕ್ಷೇತ್ರಕಾರ್ಯದ ಪರಂಪರೆಯುಳ್ಳ ಕನ್ನಡ ವಿಭಾಗಗಳು ಈ ಕಾರ್ಯದಲ್ಲಿ ನೆರವಾಗಬಲ್ಲವು. ವಿದ್ಯಾರ್ಥಿಯು ಮೊದಲ ವರ್ಷದಿಂದಲೇ ದಿನಾಂಕಸಹಿತ ಟಿಪ್ಪಣಿ ಪುಸ್ತಕವಿರಿಸಿ, ಕಂಡದ್ದು, ಜನ ಆಡಿದ ಮಾತು, ತನ್ನ ಊಹೆ ಇವನ್ನು ಬೇರೆ ಬೇರೆಯಾಗಿ ಬರೆಯಬೇಕು. ಜನರ ಮಾತನ್ನು ಅವರ ನುಡಿಯಲ್ಲಿಯೇ ದಾಖಲಿಸಬೇಕು. ಒಂದು ಪ್ರತಿಯನ್ನು ಬೇರೆಡೆ ಕಾಪಿಡುವುದು ಸ್ಟ್ಯಾನ್‌ಫರ್ಡಿನ ಬೆಂಕಿ ಕಲಿಸುವ ನೇರ ಪಾಠ. ಪಾರಿಭಾಷಿಕ ಪದಕೋಶಗಳು ಸಮಾನಪದದ ಜೊತೆಗೆ ಕನ್ನಡ ನೆಲದ ನಿದರ್ಶನವೊಂದನ್ನೂ ನೀಡಿದಲ್ಲಿ, ವಿದ್ಯಾರ್ಥಿ ಇಂಗ್ಲಿಷ್ ಗ್ರಂಥವನ್ನು ಅಳುಕಿಲ್ಲದೆ ತೆರೆಯುತ್ತಾನೆ. ತನ್ನ ಊರಿನ ಮೇಲೆ ಅದನ್ನು ಒರೆಹಚ್ಚಲೂ ಸಮರ್ಥನಾಗುತ್ತಾನೆ.