ಏಕತಂತ್ರಿ ವೀಣೆ: ಮಾಡುವ ಬಗೆ, ಅದರಿಂದ ಕಲಿಯುವ ಬಗೆ

ಸಂಗೀತವನ್ನು ಕಲಿಯಬೇಕೆಂಬ ಹಂಬಲವುಳ್ಳವರು ನಮ್ಮಲ್ಲಿ ಹಲವರುಂಟು, ಒಳ್ಳೆಯ ವಾದ್ಯವನ್ನು ಕೊಳ್ಳುವ ಶಕ್ತಿಯುಳ್ಳವರೂ ಉಂಟು. ಆದರೆ ವೀಣೆಯ ತಂತಿಯನ್ನು ಇಂಥ ಎಡೆಯಲ್ಲಿ ಒತ್ತಿದರೆ ಪಂಚಮವೇ ಏಕೆ ಬರಬೇಕು, ಗಾಂಧಾರವೇಕೆ ಬರಬಾರದು ಎಂದು ಕೇಳಿದರೆ, ಹತ್ತು ವರ್ಷ ಸಾಧನೆ ಮಾಡಿದವರೂ ಮೆಟ್ಟಿಲಿನ ಕಡೆಗೆ ಬೆರಳು ತೋರಿಸಿ ಸುಮ್ಮನಾಗುವುದುಂಟು. ಮೆಟ್ಟಿಲನ್ನು ಅಲ್ಲಿಯೇ ಕೂರಿಸಬೇಕೆಂದು ಮಾಡಿದವನಿಗೆ ಹೇಗೆ ತಿಳಿಯಿತೆಂಬುದು ಗ್ರಂಥಗಳಲ್ಲಿ ಇಲ್ಲದ ಸಂಗತಿಯೇನೂ ಅಲ್ಲ. ಆದರೂ ಒಂದು ಸೋರೆಬುರುಡೆ, ಒಂದು ದಂಡಿ, ಒಂದು ತಂತಿ ಇವಿಷ್ಟನ್ನು ಕೂಡಿಸಿ ಏಕತಂತ್ರಿಯೊಂದನ್ನು ತಾನೇ ಕಟ್ಟಿದವನಿಗೆ ಆ ವಿಷಯ ಕೈಗೂ ಕಿವಿಗೂ ಏಕಕಾಲದಲ್ಲಿ ಮನದಟ್ಟಾಗುವಂತೆ ಓದಿದವನಿಗೆ ಆಗುವುದಿಲ್ಲ. ಪ್ರಾಚೀನ ವಾದ್ಯಗಳನ್ನು ಅರಿಯಬೇಕೆನ್ನುವವರು ಮೊದಲು ಮಾಡಬೇಕಾದ ವಾದ್ಯ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಾದ್ಯದ ಪೂರ್ವಚರಿತ್ರೆ

ಭರತಮುನಿಯ ನಾಟ್ಯಶಾಸ್ತ್ರವು ವಾದ್ಯಗಳನ್ನು ತತ, ಸುಷಿರ, ಅವನದ್ಧ, ಘನವೆಂದು ನಾಲ್ಕಾಗಿ ವಿಂಗಡಿಸಿತಷ್ಟೆ. ಇವುಗಳಲ್ಲಿ ತತವಾದ್ಯಗಳ ಆದಿರೂಪ ಇಂದಿನ ವೀಣೆಯಂತಿರಲಿಲ್ಲ. ಗುಪ್ತ ಚಕ್ರವರ್ತಿ ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅರಸನ ತೊಡೆಯ ಮೇಲೆ ಕಾಣುವುದು ಬಿಲ್ಲಿನಂತೆ ಬಾಗಿದ, ಸ್ವರಕ್ಕೊಂದರಂತೆ ತಂತಿಯುಳ್ಳ ವಾದ್ಯ. ಒಂದೇ ತಂತಿಯನ್ನು ಬೇರೆಬೇರೆ ಎಡೆಗಳಲ್ಲಿ ತಡೆದು ಎಲ್ಲ ಸ್ವರಗಳನ್ನೂ ಹೊರಡಿಸುವ ದಂಡವೀಣೆಗಳು ಮೇಲುಗೈ ಪಡೆದದ್ದು ಆಮೇಲಿನ ಶತಮಾನಗಳಲ್ಲಿ. ದೇವಗಿರಿಯ ಯಾದವರ ಆಶ್ರಯದಲ್ಲಿ 13ನೆಯ ಶತಮಾನದಲ್ಲಿ ಸಂಗೀತರತ್ನಾಕರವನ್ನು ರಚಿಸಿದ ಶಾರ್ಙ್ಗದೇವನು ವೀಣೆಗಳನ್ನು ವರ್ಣಿಸುವಾಗ ಏಕತಂತ್ರಿಗೆ ಅಗ್ರಸ್ಥಾನವನ್ನಿತ್ತು, ಮೂರು ಹಸ್ತ ಉದ್ದದ ಖದಿರದ ದಂಡ, ಅದಕ್ಕೆ ಬಿಗಿದ ಸೋರೆಬುರುಡೆ, ಮೆಟ್ಟಿಲಿಲ್ಲದ ಮೈ, ಎಡಗೈಯಲ್ಲಿ ಹಿಡಿದು ತಂತಿಯ ಮೇಲೆ ಜಾರಿಸಲು ಕಮ್ರಿಕೆಯೆಂಬ ಬಿದಿರಿನ ತುಂಡು, ಇವೆಲ್ಲವನ್ನೂ ಹೇಳಿ, ದಂಡವೇ ಶಂಭು, ತಂತಿಯೇ ಉಮೆ ಎಂದು ವಾದ್ಯದ ಅಂಗಾಂಗಗಳಲ್ಲಿ ದೇವತೆಗಳನ್ನು ನೆಲೆಗೊಳಿಸಿದ್ದಾನೆ. ಆ ಜಾರಿಸುವ ಕ್ರಮ ಇಂದಿಗೂ ದಕ್ಷಿಣದ ಗೋಟುವಾದ್ಯದಲ್ಲಿಯೂ ಉತ್ತರದ ವಿಚಿತ್ರವೀಣೆಯಲ್ಲಿಯೂ ಜೀವಂತವಾಗಿದೆ. ನಮ್ಮ ತತ್ತ್ವಪದಕಾರರ ಕೈಯ ಏಕತಾರಿ ಇದೇ ಬಳಗಕ್ಕೆ ಸೇರಿದ್ದಾದರೂ ಅದು ಬಯಲು ತಂತಿಯ ಶ್ರುತಿಯನ್ನಷ್ಟೇ ಕೊಡುತ್ತದೆ. ನಾವು ಮಾಡಹೊರಟಿರುವುದು ಏಕತಾರಿಯಷ್ಟು ಸರಳವಾಗಿದ್ದು ಏಕತಂತ್ರಿಯಂತೆ ಸಪ್ತಸ್ವರಗಳನ್ನೂ ನುಡಿಯಬಲ್ಲ ಒಂದು ಅಭ್ಯಾಸವಾದ್ಯ.

ಸಾಮಗ್ರಿ

ಬುರುಡೆಯ ವಿಷಯದಲ್ಲಿ ಅವಸರ ಸಲ್ಲದು. ಅಡುಗೆಗೆ ಬಳಸುವ ಉದ್ದ ಸೋರೆ ಇದಕ್ಕೆ ಬಾರದು. ದಪ್ಪ ಸಿಪ್ಪೆಯ, ಗುಂಡನೆಯ ಕಹಿಸೋರೆಯೇ ಬೇಕು. ಸಿತಾರ್ ತಂಬೂರಿಗಳಿಗೆ ಹೆಸರಾದ ಮಿರಜಿನ ಕುಶಲಿಗಳಿಗೆ ಬುರುಡೆ ಬರುವುದು ಪಂಢರಪುರದ ಕಡೆಯ ಹೊಲಗಳಿಂದ. ವಾದ್ಯ ರಿಪೇರಿಯವರಲ್ಲಿ ವಿಚಾರಿಸಿದರೆ ಒಣಗಿದ ಬುರುಡೆ ಕೊಳ್ಳಲು ಸಿಕ್ಕೀತು. ಹಿತ್ತಲಿನಲ್ಲಿ ಬೆಳೆದುಕೊಳ್ಳುವವರು ತೊಟ್ಟು ತಾನಾಗಿ ಒಣಗುವವರೆಗೆ ಕಾಯನ್ನು ಬಳ್ಳಿಯಲ್ಲಿಯೇ ಬಿಟ್ಟು, ಕೊಯ್ದಮೇಲೆ ಗಾಳಿಯಾಡುವ ನೆರಳಿನಲ್ಲಿ ಕೆಲವು ತಿಂಗಳು ತೂಗುಹಾಕಬೇಕು. ಮೇಲೆ ಬೂಷ್ಟು ಬಂದರೆ ಗಾಬರಿಪಡಬೇಕಾಗಿಲ್ಲ. ಒರೆಸಿ ಮತ್ತೆ ತೂಗುಹಾಕಿದರೆ ಸಾಕು. ಕಾಯಿ ಹಗುರವಾಗಿ, ಅಲುಗಿಸಿದಾಗ ಒಳಗೆ ಬೀಜ ಗಲಗಲನೆಂದರೆ ಅದು ಪಕ್ವವಾಯಿತೆಂದು ತಿಳಿಯತಕ್ಕದ್ದು. ಮೆತ್ತಗಾಗಿ ಒಳಕುಸಿದದ್ದನ್ನು ಎಸೆಯಿರಿ.

ದಂಡಿಗೆ 120 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪದ, ಗಂಟಿಲ್ಲದ, ಚೆನ್ನಾಗಿ ಆರಿದ ಹಲಸಿನ ಅಥವಾ ತೇಗದ ರೀಪು ಬೇಕು. ಪ್ರಾಚೀನರು ದುಂಡು ದಂಡವನ್ನೇ ಬಳಸಿದರೂ, ಅದರ ಮೇಲೆ ಅಳತೆಯ ಗೀಟೆಳೆಯುವುದು ಕಷ್ಟವಾದ್ದರಿಂದ ಚಪ್ಪಟೆ ಮೈಯನ್ನು ಆರಿಸಿಕೊಂಡಿದ್ದೇನೆ. ಬುರುಡೆಯ ಬಾಯಿ ಮುಚ್ಚಲು 3 ಮಿ.ಮೀ. ದಪ್ಪದ ತೆಳುಹಲಗೆ ಸಾಕು. ಏಕತಾರಿಗೆ ಆಡಿನ ಚರ್ಮವನ್ನು ಬಿಗಿಯುವುದು ರೂಢಿಯಾದರೂ, ಮಳೆಗಾಲದ ತೇವಕ್ಕೆ ಚರ್ಮ ಸಡಿಲಿ ಕುದುರೆ ತಗ್ಗುವುದರಿಂದ, ಅಳತೆಯೇ ಮುಖ್ಯವಾದ ಈ ವಾದ್ಯಕ್ಕೆ ಹಲಗೆಯೇ ಮೇಲು. ಉಳಿದಂತೆ ವೀಣೆಯ ಬಿರಡೆ ಒಂದು, 0.30 ಮಿ.ಮೀ. ವ್ಯಾಸದ ಉಕ್ಕಿನ ತಂತಿ, ಕುದುರೆ ಮತ್ತು ಮೇರುವಿಗೆ ಬೀಟೆಯಂಥ ಗಟ್ಟಿಮರದ ತುಂಡುಗಳು, ಬಡಗಿಗಳು ಬಳಸುವ ಬಿಳಿಯ ಅಂಟು, ಮರಳುಕಾಗದ.

ಕಟ್ಟುವ ಕ್ರಮ

ಒಣಗಿದ ಬುರುಡೆಯನ್ನು ಕೆಲವು ಗಂಟೆಗಳ ಕಾಲ ಒದ್ದೆಬಟ್ಟೆಯಲ್ಲಿ ಸುತ್ತಿಟ್ಟರೆ ಹೊರಗಿನ ತೆಳುಪೊರೆ ಮೆತ್ತಗಾಗಿ, ಚಾಕುವಿನ ಬೆನ್ನಿನಿಂದ ಕೆರೆದಾಗ ಸುಲಭವಾಗಿ ಏಳುತ್ತದೆ. ತೊಟ್ಟಿನ ಕಡೆಯ ಭಾಗವನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ಸುಮಾರು 20 ಸೆಂ.ಮೀ. ಅಗಲದ ಬಾಯಿ ತೆರೆದು, ಒಳಗಿನ ಬೀಜ ತಿರುಳುಗಳನ್ನು ಚಮಚದಿಂದ ಕೆರೆದು ತೆಗೆಯಬೇಕು. ಆಗ ಏಳುವ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮೂಗಿಗೂ ಬಾಯಿಗೂ ಬಟ್ಟೆ ಕಟ್ಟಿಕೊಳ್ಳದೆ ಈ ಕೆಲಸಕ್ಕೆ ಕೈಹಾಕಕೂಡದು. ಬಳಿಕ ಮರಳುಕಾಗದವನ್ನು ಸಮತಟ್ಟಾದ ನೆಲದ ಮೇಲೆ ಹರಡಿ, ಬುರುಡೆಯನ್ನು ಬೋರಲಾಗಿಟ್ಟು ತಿರುಗಿಸುತ್ತ ಉಜ್ಜಿದರೆ ಅಂಚು ಒಂದೇ ಮಟ್ಟಕ್ಕೆ ಬರುತ್ತದೆ. ಈ ಅಂಚು ಎಷ್ಟು ಸಮನಾಗುವುದೋ ಹಲಗೆ ಅಷ್ಟು ಚೆನ್ನಾಗಿ ಕೂರುತ್ತದೆ, ನಾದವೂ ಅಷ್ಟು ಚೆನ್ನಾಗಿರುತ್ತದೆ.

ಬಾಯಂಚಿನ ಕೆಳಗೆ ಎದುರುಬದುರಾಗಿ, ದಂಡಿಯ ಅಡ್ಡಕೊಯ್ತದ ಅಳತೆಗೆ ಸರಿಯಾಗಿ ಎರಡು ಕಿಂಡಿಗಳನ್ನು ತೆರೆದು, ದಂಡಿಯನ್ನು ಅವುಗಳ ಮೂಲಕ ತೂರಿಸಿ, ಇನ್ನೊಂದು ಕಡೆ 3 ಸೆಂ.ಮೀ.ಯಷ್ಟು ಹೊರಚಾಚುವಂತೆ ನಿಲ್ಲಿಸಿರಿ. ಬುರುಡೆಯೊಳಗಿನ ದಂಡಿಯ ಮೈ ಮುಚ್ಚುಹಲಗೆಯನ್ನು ಎಲ್ಲಿಯೂ ಮುಟ್ಟಬಾರದು. ನಡುವೆ ಅರ್ಧ ಸೆಂ.ಮೀ. ಎಡೆಯಿರಲಿ. ಮುಟ್ಟಿದರೆ ಹಲಗೆಯ ಕಂಪನ ಅಲ್ಲಿಯೇ ಸತ್ತು, ಬುರುಡೆ ಇದ್ದೂ ಇಲ್ಲದಂತಾಗುತ್ತದೆ. ಕಿಂಡಿಗಳ ಸಂದುಗಳನ್ನು ಅಂಟು ಬೆರೆಸಿದ ಮರದಪುಡಿಯಿಂದ ಮುಚ್ಚಿ, ಹಲಗೆಯನ್ನು ಅಂಚಿಗೆ ಅಂಟಿಸಿ, ಮೇಲೆ ಭಾರ ಹೇರಿ ಒಂದು ದಿನ ಬಿಡಬೇಕು. ಹಲಗೆಯ ಮೇಲ್ಬದಿಯಲ್ಲಿ ನಾಲ್ಕಾರು ಸಣ್ಣ ರಂಧ್ರಗಳನ್ನು ಕೊರೆಯುವುದು ಸಂಪ್ರದಾಯ.

ಕುದುರೆ 6 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ, 1.5 ಸೆಂ.ಮೀ. ಎತ್ತರ ಇರಲಿ. ಪಿಟೀಲಿನ ಕುದುರೆಯಂತೆ ಚೂಪಾದ ನೆತ್ತಿ ಇದಕ್ಕಿಲ್ಲ. ನಮ್ಮ ವೀಣೆ ತಂಬೂರಿಗಳ ಕುದುರೆ ಅಗಲವಾಗಿದ್ದು, ಅತಿ ಮೆಲ್ಲಗೆ ಉಬ್ಬಿದ ಆ ನೆತ್ತಿಯನ್ನು ಸವರಿಕೊಂಡು ತಂತಿ ಕಂಪಿಸುವುದರಿಂದಲೇ ಆ ತುಂಬುನಾದ ಹುಟ್ಟುವುದು. ಸಿ. ವಿ. ರಾಮನ್ನರು 1921ರಲ್ಲಿ ಭಾರತೀಯ ತಂತೀವಾದ್ಯಗಳನ್ನು ಕುರಿತು ಬರೆದ ಪ್ರಬಂಧದ ತಿರುಳೂ ಇದೇ: ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದೆಂದು ಪಾಶ್ಚಾತ್ಯ ನಿಯಮ ಹೇಳುತ್ತದೆಯೋ, ಆ ಬಿಂದುವಿನಲ್ಲಿ ಮೀಟಿದರೂ ವೀಣೆ ತಂಬೂರಿಗಳಲ್ಲಿ ಅವು ಸ್ಪಷ್ಟವಾಗಿ ಕೇಳಿಸುತ್ತವೆಂದು ಅವರು ತೋರಿಸಿಕೊಟ್ಟರು. ಆದ್ದರಿಂದ ಕುದುರೆಯ ನೆತ್ತಿಯನ್ನು ತಿದ್ದುವಾಗ ಅರದಿಂದ ಒಮ್ಮೆಗೆ ಕೂದಲೆಳೆಯಷ್ಟೇ ತೆಗೆಯುತ್ತ, ತಂತಿ ಕಟ್ಟಿ ಕೇಳುತ್ತ, ಮತ್ತೆ ತಿದ್ದುತ್ತ ಹೋಗಬೇಕು. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ ಭಾಗ ಇದೇ. ಕುದುರೆಯನ್ನು ಅಂಟಿಸಬಾರದು, ತಂತಿಯ ಒತ್ತಡವೇ ಅದನ್ನು ಹಿಡಿದಿಡುತ್ತದೆ.

ದಂಡಿಯ ಮೇಲ್ತುದಿಯಲ್ಲಿ ಬಿರಡೆಗೆ ರಂಧ್ರ ಕೊರೆದು, ಬಿರಡೆ ಜಾರಿದರೆ ಸೀಮೆಸುಣ್ಣವನ್ನೂ, ಕಚ್ಚಿಕೊಂಡರೆ ಒಣ ಸಾಬೂನನ್ನೂ ಸವರಿರಿ. ಬಿರಡೆಯ ಕೆಳಗೆ ಮೇರುವನ್ನು ಕೂರಿಸಿ, ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ ಸರಿಯಾಗಿ 90 ಸೆಂ.ಮೀ. ಬರುವಂತೆಯೂ, ತಂತಿ ದಂಡಿಗೆ ಸಮಾನಾಂತರವಾಗಿ ಓಡುವಂತೆಯೂ ಮೇರುವಿನ ಎತ್ತರವನ್ನು ಹೊಂದಿಸಿಕೊಳ್ಳಬೇಕು. ಈ ಉದ್ದದ ಈ ತಂತಿಯನ್ನು ಹಾರ್ಮೋನಿಯಮ್ಮಿನ ಬಿಳಿ ಒಂದಕ್ಕೆ, ಗಂಡಸರ ಮಧ್ಯಮ ಶಾರೀರಕ್ಕೆ ಹೊಂದುವ ಷಡ್ಜಕ್ಕೆ ಏರಿಸಿದಾಗ, ಅದರ ಮೇಲಿನ ಎಳೆತ ಸುಮಾರು 3 ಕಿಲೋ ಭಾರದಷ್ಟಾಗುತ್ತದೆ; ಬುರುಡೆ ಅದನ್ನು ನಿರಾಯಾಸವಾಗಿ ತಾಳುತ್ತದೆ. ಹೆಂಗಸರ ಶಾರೀರಕ್ಕೆ ಬೇಕಾದರೆ ತಂತಿಯನ್ನು ಇನ್ನೂ ಬಿಗಿಯುವ ಬದಲು ಉದ್ದವನ್ನು 60 ಸೆಂ.ಮೀ.ಗೆ ಇಳಿಸಿರಿ; ಅಷ್ಟೇ ಎಳೆತದಲ್ಲಿ ಬಿಳಿ ಐದರ ಶ್ರುತಿ ದೊರೆಯುತ್ತದೆ. ಬಿಗಿಯುವಾಗ ಮುಖವನ್ನು ತಂತಿಯ ನೇರಕ್ಕೆ ಒಡ್ಡಬೇಡಿ.

ಸ್ವರಸ್ಥಾನಗಳನ್ನು ಗುರುತಿಸುವುದು

90 ಸೆಂ.ಮೀ. ಉದ್ದವನ್ನು ಆರಿಸಿದುದು ಕಾರಣವಿಲ್ಲದೆ ಅಲ್ಲ. ಮೇರುವಿನಿಂದ ಅಳೆದು ದಂಡಿಯ ಮೇಲೆ ಸೀಸದ ಕಡ್ಡಿಯಿಂದ 10 ಸೆಂ.ಮೀ.ಗೆ ಒಂದು ಗೀಟೆಳೆದರೆ ಚತುಶ್ರುತಿ ರಿಷಭ, 18ಕ್ಕೆ ಅಂತರ ಗಾಂಧಾರ, 22.5ಕ್ಕೆ ಶುದ್ಧ ಮಧ್ಯಮ, 30ಕ್ಕೆ ಪಂಚಮ, 36ಕ್ಕೆ ಚತುಶ್ರುತಿ ಧೈವತ, 42ಕ್ಕೆ ಕಾಕಲಿ ನಿಷಾದ, 45ಕ್ಕೆ ತಾರಷಡ್ಜ. ಶಂಕರಾಭರಣದ ಆರೋಹಣವೆಲ್ಲ ಅರೆ ತಂತಿಯಲ್ಲಿ ಮುಗಿಯಿತು. ಅಂದರೆ ತಂತಿಯ ಅರ್ಧ ಮಾತ್ರ ನುಡಿದಾಗ ತಾರಷಡ್ಜ, ಮೂರರಲ್ಲಿ ಎರಡು ಪಾಲು ನುಡಿದಾಗ ಪಂಚಮ, ನಾಲ್ಕರಲ್ಲಿ ಮೂರು ಪಾಲು ನುಡಿದಾಗ ಮಧ್ಯಮ, ಐದರಲ್ಲಿ ನಾಲ್ಕು ಪಾಲು ನುಡಿದಾಗ ಗಾಂಧಾರ. ಸರಳೆ ವರಸೆಯನ್ನು ಮಾಯಾಮಾಳವಗೌಳದಲ್ಲಿ ಅಭ್ಯಾಸ ಮಾಡುವವರು ರಿಷಭದ ಗೀಟನ್ನು ಸುಮಾರು 5.6ಕ್ಕೂ ಧೈವತದ ಗೀಟನ್ನು ಸುಮಾರು 33.8ಕ್ಕೂ ಹಾಕಿಕೊಳ್ಳಬೇಕು. ತಂತಿಯನ್ನು ಹೀಗೆ ಭಾಗಿಸಿ ಸ್ವರಗಳನ್ನು ನಿರೂಪಿಸುವ ಮಾರ್ಗವನ್ನು 17ನೆಯ ಶತಮಾನದ ಅಹೋಬಲ ಪಂಡಿತನು ಸಂಗೀತಪಾರಿಜಾತದಲ್ಲಿ ಹಿಡಿದಿದ್ದಾನೆ. ಗ್ರೀಸಿನಲ್ಲಿ ಪೈಥಾಗೊರಸನ ಹೆಸರಿಗೆ ಅಂಟಿಕೊಂಡಿರುವುದೂ ಇಂಥದೇ ಒಂಟಿತಂತಿಯ ವಾದ್ಯ.

ಆದರೆ ಅಳತೆಗೋಲನ್ನೇ ನಂಬಿ ಕೂರುವುದು ಸರಿಯಲ್ಲ. ಕಿವಿಯ ಸಾಕ್ಷ್ಯವನ್ನು ಕೇಳುವ ಉಪಾಯವನ್ನು ವಿಜಯನಗರದ ರಾಮಾಮಾತ್ಯನು 1550ರ ಸ್ವರಮೇಳಕಲಾನಿಧಿಯಲ್ಲಿ ಸ್ವಯಂಭೂ ಸ್ವರಗಳ ಮೂಲಕ ತೋರಿಸಿದ್ದಾನೆ. ತಂತಿಯ ಸರಿನಡುವನ್ನು ಬೆರಳತುದಿಯಿಂದ ಒತ್ತದೆ ಸುಮ್ಮನೆ ಸೋಕಿ, ಬಲಗೈಯಿಂದ ಮೀಟಿ, ತಕ್ಷಣ ಬೆರಳು ತೆಗೆದರೆ ಗಂಟೆಯ ದನಿಯಂತೆ ತಾರಷಡ್ಜ ಮೊಳಗುತ್ತದೆ. 30ರ ಗೀಟಿನ ನೇರಕ್ಕೆ ಸೋಕಿದರೆ ತಾರಸ್ಥಾಯಿಯ ಪಂಚಮ. 18ರ ನೇರಕ್ಕೆ ಸೋಕಿದರೆ ಇನ್ನೂ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಇವನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ, ತಂತಿಯೇ ನುಡಿಯುತ್ತದೆ.

ಕುದುರೆ ಸರಿಯಾದ ಎಡೆಯಲ್ಲಿದೆಯೇ ಎಂಬುದನ್ನೂ ಇದರಿಂದಲೇ ಪರೀಕ್ಷಿಸಬಹುದು. ನಡುವಿನಲ್ಲಿ ಸೋಕಿ ಪಡೆದ ತಾರಷಡ್ಜವೂ 45ರ ಗೀಟಿನ ಮೇಲೆ ಕಮ್ರಿಕೆಯಿಟ್ಟು ಪಡೆದ ತಾರಷಡ್ಜವೂ ಒಂದೇ ಆಗಿರಬೇಕು. ಕಮ್ರಿಕೆಯ ಸ್ವರ ಹೆಚ್ಚಿದ್ದರೆ ಕುದುರೆಯನ್ನು ಎಳ್ಳಷ್ಟು ಹಿಂದಕ್ಕೆ, ತಗ್ಗಿದ್ದರೆ ಎಳ್ಳಷ್ಟು ಮೇರುವಿನ ಕಡೆಗೆ ಸರಿಸುವುದು. ಈ ಹೊಂದಾಣಿಕೆ ಮುಗಿದಮೇಲೆ ತಂತಿಗೂ ಕುದುರೆಗೂ ನಡುವೆ ಹತ್ತಿಯ ನೂಲಿನ ಒಂದೆಳೆಯನ್ನು, ತಂಬೂರಿಯವರ ಜೀವಾಳವನ್ನು, ತೂರಿಸಿ ಅತ್ತಿತ್ತ ಜರುಗಿಸುತ್ತ ಹೋದರೆ, ಒಂದು ಎಡೆಯಲ್ಲಿ ನಾದ ಇದ್ದಕ್ಕಿದ್ದಂತೆ ಅರಳುತ್ತದೆ, ಅಲ್ಲಿಯೇ ಬಿಡಿ.

ನುಡಿಸುವ ಬಗೆ

ಕಮ್ರಿಕೆಗೆ ನುಣುಪಾದ ಬಿದಿರಿನ ತುಂಡು ಆದೀತು, ಸಣ್ಣ ಗಾಜಿನ ಶೀಶೆಯೂ ಆದೀತು. ಅದನ್ನು ತಂತಿಯ ಮೇಲೆ ಹಗುರವಾಗಿ ಇಡಬೇಕೇ ಹೊರತು ದಂಡಿಗೆ ತಾಗುವಂತೆ ಒತ್ತಬಾರದು. ಒತ್ತಿದರೆ ತಂತಿ ಹಿಗ್ಗಿ ಸ್ವರ ಏರುತ್ತದೆ. ಗೀಟನ್ನು ನೇರ ಮೇಲಿನಿಂದ ನೋಡಿರಿ, ಓರೆಯಾಗಿ ನೋಡಿದರೆ ಎಡೆ ತಪ್ಪುತ್ತದೆ. ಕಮ್ರಿಕೆಯ ಹಿಂದೆ ಉಳಿದ ತಂತಿಯನ್ನು ಕಿರುಬೆರಳಿನಿಂದ ತಡೆದುಕೊಂಡರೆ ಅನಗತ್ಯ ದನಿ ಅಡಗುತ್ತದೆ.

ಕೆಲವು ವಾರಗಳ ಅಭ್ಯಾಸದ ಬಳಿಕ ಒಂದು ಕುತೂಹಲದ ಸಂಗತಿ ಗೋಚರಿಸಬಹುದು. ರಿಷಭವನ್ನೇ ಷಡ್ಜವೆಂದು ಭಾವಿಸಿ ಅದರ ಪಂಚಮವನ್ನು ಹುಡುಕಿದರೆ, ಅದು 36ರ ಗೀಟಿನ ಮೇಲಲ್ಲ, ಅದಕ್ಕಿಂತ ಅರ್ಧ ಸೆಂ.ಮೀ.ಗೂ ಸ್ವಲ್ಪ ಹೆಚ್ಚು ಮುಂದೆ ಸಿಗುತ್ತದೆ. ಎರಡೂ ಧೈವತಗಳೇ, ಎರಡಕ್ಕೂ ಶಾಸ್ತ್ರದ ಸಮರ್ಥನೆಯುಂಟು. ಸ್ಥಾಯಿಯಲ್ಲಿ ಹನ್ನೆರಡಲ್ಲ, ಇಪ್ಪತ್ತೆರಡು ಶ್ರುತಿಗಳುಂಟೆಂದು ಹಿಂದಿನವರು ಹೇಳಿದುದರ ಹಿಂದೆ ಇಂಥ ಸೂಕ್ಷ್ಮಗಳಿವೆ. ಹಾರ್ಮೋನಿಯಮ್ ನುಡಿಸಿ ಪಳಗಿದ ಕಿವಿಗೆ ಇದು ಮೊದಲು ಹಿಡಿಸದಿದ್ದರೆ ಆಶ್ಚರ್ಯವಿಲ್ಲ.

ಹಳೆಯ ವಾದ್ಯಗಳನ್ನು ಕಣ್ಣಾರೆ ಕಂಡು ಕಲಿಯಬಯಸುವವರು ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಜನಪದ ವಾದ್ಯಗಳನ್ನೂ, ಬೆಂಗಳೂರಿನ ಜೆ. ಪಿ. ನಗರದಲ್ಲಿ 2019ರಲ್ಲಿ ತೆರೆದ ಸಂಗೀತ ವಸ್ತುಸಂಗ್ರಹಾಲಯವನ್ನೂ, ಪುಣೆಯ ರಾಜಾ ದಿನಕರ ಕೇಳ್ಕರ್ ಸಂಗ್ರಹಾಲಯವನ್ನೂ ನೋಡಬಹುದು. ಅಳತೆಪಟ್ಟಿಯನ್ನೂ ಪುಸ್ತಕವನ್ನೂ ಜೊತೆಗೊಯ್ದು, ಮುಟ್ಟದೆ, ಕುದುರೆಯ ಆಕಾರವನ್ನೂ ಬುರುಡೆಯ ಜೋಡಣೆಯನ್ನೂ ಬರೆದುಕೊಳ್ಳಿರಿ.

ಏಕತಂತ್ರಿ ಕೈಗೆ ಬಂದಮೇಲೆ ಮೆಟ್ಟಿಲುಗಳುಳ್ಳ ಕಿನ್ನರಿಯನ್ನು ಕಟ್ಟುವ ಆಸೆ ಸಹಜ. ಆಗ ಕಂಡಕಂಡ ಅಳತೆಪಟ್ಟಿಗಳನ್ನು ನಕಲು ಮಾಡದೆ, ಈ ದಂಡಿಯ ಮೇಲೆ ನಿಮ್ಮ ಕಿವಿ ಒಪ್ಪಿ ತಿದ್ದಿದ ಗೀಟುಗಳಿಂದಲೇ ಆರಂಭಿಸಿರಿ. ಒತ್ತಿದಾಗ ಏರುವ ಸ್ವರದಷ್ಟು ಮೆಟ್ಟಿಲನ್ನು ಮೇರುವಿನ ಕಡೆಗೆ ಸರಿಸಿ, ಮೊದಲು ಮೇಣದಲ್ಲಿ ಮಾತ್ರ ಕೂರಿಸಿ, ಒಂದು ಮಳೆಗಾಲ ಕಳೆಯುವವರೆಗೆ ಕಾಯಂ ಮಾಡಬೇಡಿ.