ಮಾತು ಫಿಲಂ ಬಿಟ್ಟು ಹೋಗದಿರಲಿ

ಮಕ್ಕಳೇ, ತಿಂಗಳಿಗೊಮ್ಮೆ ನೀವು ಸೇರುವ ಮಹಡಿ ಕೋಣೆಗೆ ಹೋದ ಸಲ ನನ್ನನ್ನೂ ಕರೆದಿದ್ದಿರಿ. ಮೂವತ್ತು ದಾಟದ ಹತ್ತು ಹನ್ನೆರಡು ಹುಡುಗ ಹುಡುಗಿಯರು ಅಜ್ಜಂದಿರ ಕಾಲದ ಕ್ಯಾಮೆರಾ ಹಿಡಿದು, ಫಿಲಂ ರೋಲಿನಲ್ಲಿ ನಕ್ಷತ್ರಗಳ ಚಿತ್ರ ತೆಗೆಯಬೇಕೆಂದು ಕೂತದ್ದು ನೋಡಿ ಮನಸ್ಸು ತುಂಬಿ ಬಂತು. ಆದರೆ ಅಲ್ಲಿದ್ದ ಎರಡು ಗಂಟೆಯಲ್ಲಿ ಫಿಲಂ ಬಗ್ಗೆ ಮಾತು ನಡೆದದ್ದು ಅರ್ಧ ಗಂಟೆ ಮಾತ್ರ. ಮಿಕ್ಕದ್ದೆಲ್ಲ ಹೊಸ ಡಿಜಿಟಲ್ ಕ್ಯಾಮೆರಾ, ಅದರ ಸೆನ್ಸರ್, ನೂರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಸಾಫ್ಟ್‌ವೇರ್. ಮನೆಗೆ ಬಂದ ಮೇಲೂ ಅದೇ ಕೊರೆಯುತ್ತಿತ್ತು. ಅದಕ್ಕೇ ಈ ಮಾತು ಬರೆಯುತ್ತಿದ್ದೇನೆ.

1986ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ನಾವು ಏಳು ಜನ ಬೆಂಗಳೂರಿನಿಂದ ದೇವರಾಯನದುರ್ಗಕ್ಕೆ ಹೋಗಿದ್ದೆವು. ಏಪ್ರಿಲ್‌ನಲ್ಲಿ ಅದು ದಕ್ಷಿಣದ ಆಕಾಶದಲ್ಲಿತ್ತು. ಯುರೋಪಿನವರಿಗಿಂತ ನಮ್ಮ ಕಡೆಯವರಿಗೇ ಚೆನ್ನಾಗಿ ಕಂಡಿತು. ರಾತ್ರಿಯಿಡೀ ಬಂಡೆಯ ಮೇಲೆ ಕೂತು ನಾನು ಒಂದು ರೋಲು ಮುಗಿಸಿದೆ. ಅದನ್ನು ತೊಳೆಯಲು ಕೊಟ್ಟ ಅಂಗಡಿಯವರು ಧೂಮಕೇತುವಿನ ನಟ್ಟನಡುವೆ ಕತ್ತರಿ ಆಡಿಸಿಬಿಟ್ಟರು! ಕತ್ತಲ ಆಕಾಶ ನೆಗೆಟಿವ್‌ನಲ್ಲಿ ಬರೀ ತಿಳಿಯಾಗಿ ಕಾಣುತ್ತದೆ, ಒಂದು ಫ್ರೇಮು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು ಆಗ ಹೇಳಿದರು: "ಮೊದಲನೇ ಫ್ರೇಮಿಗೆ ಹಗಲಲ್ಲೇ ಒಂದು ಚಿತ್ರ ತೆಗೆದುಬಿಡು ಮಾರಾಯ, ಕತ್ತರಿಸುವವನಿಗೆ ಅಳತೆ ಸಿಗುತ್ತೆ. ಕವರ್ ಮೇಲೆ ಕತ್ತರಿಸಬೇಡಿ ಅಂತಲೂ ಬರಿ." ಇಂಥ ತಿಳಿವಳಿಕೆ ನನಗೆ ಸಿಕ್ಕಿದ್ದು ಹತ್ತು ಜನ ಒಂದೇ ಕೆಲಸದ ಮಾತಾಡುತ್ತ ಕೂತಲ್ಲಿ.

1997ರ ಹೇಲ್-ಬಾಪ್ ಧೂಮಕೇತುವಿನ ಹೊತ್ತಿಗೆ ನಮ್ಮ ಬಳಿ ದಪ್ಪನೆಯದೊಂದು ನೋಟ್‌ಬುಕ್ ಬೆಳೆದಿತ್ತು. ಯಾವ ಫಿಲಂ, ಯಾವ ಲೆನ್ಸ್, ಎಷ್ಟು ನಿಮಿಷ, ಇಬ್ಬನಿ ಬಿತ್ತೇ ಇಲ್ಲವೇ, ಎಲ್ಲ ಅದರಲ್ಲಿತ್ತು. ಆಮೇಲೆ ಒಬ್ಬರು ಡಿಜಿಟಲ್ ಕ್ಯಾಮೆರಾ ತಂದರು. ಕುತೂಹಲ ಸಹಜ, ಎಲ್ಲರೂ ಮುತ್ತಿಕೊಂಡೆವು. ವರ್ಷ ಕಳೆಯುವುದರೊಳಗೆ ಯಾವುದು ಮೇಲು ಎಂಬ ಜಗಳವೇ ಪ್ರತಿ ಭೇಟಿಯ ಕೆಲಸವಾಯಿತು. ಫಿಲಂ ಹಿಡಿದವರು ತಮ್ಮ ಪ್ರಶ್ನೆ ಕೇಳಲು ನಾಚಿಕೊಂಡರು, ಬರುವುದು ಬಿಟ್ಟರು. ಯಾರೂ ಯಾರನ್ನೂ ಓಡಿಸಲಿಲ್ಲ. ಆ ನೋಟ್‌ಬುಕ್ ಇಂದು ಯಾರ ಮನೆಯಲ್ಲಿದೆ ಎಂದು ನನಗೆ ಗೊತ್ತಿಲ್ಲ.

ಡಿಜಿಟಲ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದಕ್ಕೆ ಕಲಿಸುವವರು ಬೀದಿಗೊಬ್ಬರಿದ್ದಾರೆ, ಫಿಲಂಗೆ ಇಲ್ಲ. ಅದಲ್ಲದೆ ಒಂದರ ಉತ್ತರ ಇನ್ನೊಂದಕ್ಕೆ ಹೊಂದುವುದೂ ಇಲ್ಲ. ಶಟರ್ ತೆರೆದಿಟ್ಟಷ್ಟು ಹೊತ್ತೂ ಫಿಲಂ ಒಂದೇ ಸಮ ಬೆಳಕು ಹಿಡಿಯುವುದಿಲ್ಲ, ಹೊತ್ತು ಹೋದಂತೆ ದಣಿಯುತ್ತದೆ. ರೆಸಿಪ್ರಾಸಿಟಿ ಫೇಲ್ಯೂರ್ ಎನ್ನುವುದು ಇದನ್ನೇ. ಪ್ರೋವಿಯಾ 100ಎಫ್ 128 ಸೆಕೆಂಡಿನವರೆಗೆ ತಿದ್ದುಪಡಿ ಕೇಳುವುದಿಲ್ಲ, ಬೇರೆ ಎಷ್ಟೋ ಫಿಲಂಗಳು ಅದಕ್ಕೆ ಬಹಳ ಮುಂಚೆಯೇ ಸೋಲುತ್ತವೆ. ಹೈಡ್ರೋಜನ್ ನೀಹಾರಿಕೆಗಳ 656 ನ್ಯಾನೋಮೀಟರಿನ ಕೆಂಪನ್ನು ಒಂದು ಫಿಲಂ ಹಿಡಿದರೆ ಇನ್ನೊಂದು ಬಿಟ್ಟುಬಿಡುತ್ತದೆ. ಯಾವುದು ಹಿಡಿಯುತ್ತದೆ ಎನ್ನುವುದು ತೆಗೆದು ನೋಡಿದವರಿಗೇ ಗೊತ್ತು. ಕ್ಯಾಮೆರಾವನ್ನು ನಕ್ಷತ್ರಗಳ ಜೊತೆ ತಿರುಗಿಸಬೇಕೆಂದರೆ ಧ್ರುವ ನಕ್ಷತ್ರ ಬೇಕು. ಬೆಂಗಳೂರಿನಲ್ಲಿ ಅದು ದಿಗಂತದಿಂದ 13 ಡಿಗ್ರಿಯಷ್ಟೇ ಮೇಲೆ, ಒಂದು ತೆಂಗಿನ ತೋಪು ಸಾಕು ಮರೆಮಾಡಲು. ಅರ್ಧ ಗಂಟೆ ಶಟರ್ ತೆರೆದಿಡುವವನಿಗೆ ಇದು ಸಣ್ಣ ಸಂಗತಿಯಲ್ಲ. ಇಂಥ ಪ್ರಶ್ನೆ ಹೊತ್ತು ಬಂದವನಿಗೆ "ಐಎಸ್‌ಒ ಏರಿಸು, ಹತ್ತು ಸೆಕೆಂಡು ಸಾಕು" ಎಂದರೆ ಅವನ ರೋಲೂ ಹಾಳು, ರಾತ್ರಿಯೂ ಹಾಳು.

ಮುಂದೆ ಕಾವಲೂರಿನ ವೀಕ್ಷಣಾಲಯ ಕಟ್ಟಿದ ಖಗೋಳ ವಿಜ್ಞಾನಿ ವೇಣು ಬಾಪು ಅವರು 1949ರಲ್ಲಿ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿ. ತಾವೇ ತೆಗೆದ ಫೋಟೋ ಪ್ಲೇಟೊಂದನ್ನು ಪರೀಕ್ಷಿಸುತ್ತಿದ್ದಾಗ ಅವರಿಗೆ ಹೊಸ ಧೂಮಕೇತು ಕಣ್ಣಿಗೆ ಬಿತ್ತು. ಅದಕ್ಕೆ ಬಾಪು-ಬಾಕ್-ನ್ಯೂಕರ್ಕ್ ಎಂದು ಹೆಸರಾಯಿತು. ತೆಗೆದ ಚಿತ್ರವನ್ನು ಅಂಗುಲ ಅಂಗುಲವಾಗಿ ನೋಡುವ ಆ ಅಭ್ಯಾಸ ನಿಮಗೂ ಬರಲಿ ಎಂಬುದು ನನ್ನ ಆಸೆ.

ಆದ್ದರಿಂದ ನಿಮ್ಮ ಭೇಟಿಯ ಹೊತ್ತನ್ನು ಫಿಲಂಗೇ ಮೀಸಲಿಡಿ. ಯಾರಾದರೂ ಡಿಜಿಟಲ್ ವಿಷಯ ಎತ್ತಿದರೆ ಮುಖ ಮುರಿಯಬೇಡಿ, "ಕಾಫಿಗೆ ಕೂತಾಗ ಮಾತಾಡೋಣ" ಎನ್ನಿ, ಕೂತಾಗ ನಿಜವಾಗಿಯೂ ಮಾತಾಡಿ. ನೆಗೆಟಿವ್ ಸ್ಕ್ಯಾನ್ ಮಾಡಿ ತೋರಿಸಿದರೆ ನನ್ನ ತಕರಾರಿಲ್ಲ, ಚಿತ್ರ ಹುಟ್ಟಿದ್ದು ಫಿಲಂ ಮೇಲೆ ತಾನೆ? ಯಾವುದು ಮೇಲು ಎಂಬ ವಾದ ಬಂದರೆ ಅಲ್ಲಿಗೇ ನಿಲ್ಲಿಸಿ. ಚೆನ್ನಾಗಿ ಬಂದ ಪ್ರಿಂಟ್ ಮಾತ್ರ ತರಬೇಡಿ. ಇಬ್ಬನಿ ಕೂತು ಮಂಜಾದದ್ದು, ಫೋಕಸ್ ತಪ್ಪಿದ್ದು, ಕಾಲು ತಗುಲಿ ಟ್ರೈಪಾಡ್ ಅಲುಗಿದ್ದು, ಅವನ್ನೂ ಮೇಜಿನ ಮೇಲಿಡಿ. ಹೊಸಬರು ಹೆಚ್ಚು ಕಲಿಯುವುದು ಅವುಗಳಿಂದ.

ಹೊತ್ತು ಮೀರಿಲ್ಲ. ಕೊಡಾಕ್ 2012ರಲ್ಲಿ ಕೈಬಿಟ್ಟ ಎಕ್ಟಾಕ್ರೋಮ್ ಸ್ಲೈಡ್ ಫಿಲಂ 2018ರಲ್ಲಿ ಮತ್ತೆ ಅಂಗಡಿಗೆ ಬಂತು. ಫಿಲಂ ಮರಳಿ ಬಂದಿದೆ, ಅದನ್ನು ಬಳಸಬಲ್ಲ ಕೈಗಳನ್ನು ನೀವು ಉಳಿಸಿಕೊಳ್ಳಬೇಕು. ಮುಂದಿನ ಅಮಾವಾಸ್ಯೆಗೆ ಹೊರಡುವ ಮುಂಚೆ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಕೊಂಡು, ಅದು ಯಾರ ಮನೆಯಲ್ಲಿರಬೇಕು ಎಂದು ಮೊದಲೇ ತೀರ್ಮಾನಿಸಿ. ನಾನೂ ಬರುತ್ತೇನೆ, ನನ್ನ ನೆಗೆಟಿವ್ ಡಬ್ಬ ತರುತ್ತೇನೆ. ಕತ್ತರಿ ಬಿದ್ದ ಹ್ಯಾಲಿಯ ಎರಡೂ ತುಂಡುಗಳು ಅದರಲ್ಲಿವೆ.